ಕೀವರ್ಡ್ ಅಂದ್ರ ಯಾರೋ ಒಬ್ಬರ ಪ್ರಶ್ನೆ

1/9

ಒಂದು ಕೆಲಸ ಮಾಡ್ರಿ ದೋಸ್ತರೇ. ಗೂಗಲ್ ತೆರೆದು ಬರೇ "ಮಟಕಿ" ಅಂತ ಟೈಪ್ ಮಾಡ್ರಿ.

ಆಳಂದ ತಾಲ್ಲೂಕಿನ ನಮ್ಮೂರು ಮೊದಲಿಗೇ ಸಿಗ್ತದ ಅಂತ ಆಸೆ ಇಟ್ಕೋಬ್ಯಾಡ್ರಿ. ಮರಾಠಿಯವರಿಗೆ ಮಟಕಿ ಅಂದ್ರ ಉಸಳ ಮಾಡೋ ಮಡಕಿ ಕಾಳು. ಹಿಂದಿಯವರಿಗೆ ಮಟಕಿ ಅಂದ್ರ ನೀರಿನ ಮಣ್ಣಿನ ಕೊಡ. ಒಂದಕ್ಷರ ಆಕಡೆ ಈಕಡೆ ಆದ್ರ ನಂಬರ್ ಆಡೋರ ಮಟ್ಕಾ. ನಮಗ ಮಾತ್ರ ಅದು ಊರು, ಅವ್ವನ ಮನಿ.

ಪದ ಒಂದೇ, ಕೇಳೋರು ನಾಲ್ಕು ಮಂದಿ, ನಾಲ್ಕು ಮಂದಿಗೂ ಬೇಕಾದದ್ದು ಬ್ಯಾರೆ ಬ್ಯಾರೆ. ಸರ್ಚ್ ಜಾಹೀರಾತಿಗೆ ಕೀವರ್ಡ್ ಹುಡುಕೋದರ ಪೂರಾ ಪಾಠ ಇಷ್ಟರಾಗೇ ಅದ.

"ಹಣ ತರೋ 500 ಕೀವರ್ಡ್, ಪಿಡಿಎಫ್ ಬೇಕಂದ್ರ ಕಾಮೆಂಟ್ ಹಾಕ್ರಿ" ಅನ್ನೋ ರೀಲ್ಸ್ ನೀವೂ ನೋಡಿರಿ, ನಾನೂ ನೋಡೀನಿ. ಕಾಮೆಂಟೂ ಹಾಕೀನಿ, ಸುಳ್ಳು ಯಾಕ ಹೇಳಲಿ. ಆ ಪಟ್ಟಿ ಯಾಕ ಕೆಲಸಕ್ಕ ಬರಲ್ಲ ಅಂತ ಈ ಒಂಬತ್ತು ಪೋಸ್ಟ್‌ನಾಗ ಹೇಳ್ತೀನಿ. ನನ್ನ ಅಭಿಪ್ರಾಯ ಒಂದೇ ಸಾಲಿಂದು: ಕೀವರ್ಡ್ ಅನ್ನೋದು ಯಾರೋ ಒಬ್ಬರ ಪ್ರಶ್ನೆ. ನಿಜವಾಗಿ ಉತ್ತರ ಕೊಡಲಿಕ್ಕೆ ಆಗೋ ಪ್ರಶ್ನೆಗೆ ಮಾತ್ರ ರೊಕ್ಕ ಹಾಕ್ರಿ.

2/9

ಮೊದಲು ನನ್ನ ತಪ್ಪು ಹೇಳ್ಕೋತೀನಿ.

ನಮ್ಮ ಚಿಕ್ಕಮ್ಮ, ಅಕಿ ಜೋಡಿ ಇನ್ನ ನಾಲ್ಕು ಮಂದಿ ಹೆಣ್ಮಕ್ಕಳು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರ್ತಾರ. ಗುರುತಿನವರು ಫೋನ್ ಮಾಡ್ತಾರ, ಬಸ್ಸಿಗೆ ಇಲ್ಲಾ ಕೊರಿಯರ್‌ಗೆ ಹಾಕಿ ಕಳಸ್ತಾರ. ಕಾಲೇಜಿನಾಗ ಡಿಜಿಟಲ್ ಮಾರ್ಕೆಟಿಂಗ್ ಒಂದು ಪೇಪರ್ ಓದಿದ್ದೆ ನೋಡ್ರಿ, ರಜೆಗೆ ಬಂದವನು ದೊಡ್ಡ ಶಾಣ್ಯಾನಂಗ "ಗೂಗಲ್‌ನಾಗ ಆ್ಯಡ್ ಹಾಕೂಣು, ದೇಶ ತುಂಬ ಆರ್ಡರ್ ಬರ್ತಾವ" ಅಂದೆ. ಗುಂಪಿನ ಡಬ್ಬಿಯಿಂದ 1,500 ರೂಪಾಯಿ ತೆಗೆದು ಕೊಟ್ಟರು.

ನಾನು ಹಾಕಿದ ಕೀವರ್ಡ್‌ಗಳು: ರೊಟ್ಟಿ. ಜೋಳ. ಜೋಳದ ರೊಟ್ಟಿ. ಕಲಬುರಗಿ.

ಆರು ದಿನದಾಗ ರೊಕ್ಕ ಖಾಲಿ. ಆರ್ಡರ್ ಸೊನ್ನೆ. ಬಂದ ಕಾಲ್ ಎರಡು. ಒಬ್ಬರು ಕೇಳಿದ್ರು, "ಜೋಳ ಕ್ವಿಂಟಾಲ್ ಏನ್ ರೇಟ್ ನಡದದ್ರೀ?" ಇನ್ನೊಬ್ಬರು, "ರೊಟ್ಟಿ ಬಡಿಯೋವಾಗ ಅಂಚು ಒಡಿತದ್ರೀ, ಏನ್ ಮಾಡ್ಬೇಕು?" ಚಿಕ್ಕಮ್ಮ ಪಾಪ, ಹತ್ತು ನಿಮಿಷ ಕೂತು ಹೇಳಿದಳು: ನೀರು ಕುದಿಸಿ ಹಾಕ್ಬೇಕವ್ವಾ, ಹಿಟ್ಟು ಹಳೇದಿರಬಾರದು, ಗಟ್ಟಿ ನಾದಬೇಕು.

ನನಗ ನಗು ಬಂದಿತ್ತು. ಆಮ್ಯಾಲ ಲೆಕ್ಕ ಹಾಕಿದೆ. ಒಂದು ರೊಟ್ಟಿಗೆ ಅವರಿಗೆ ಉಳಿಯೋದು 2 ರೂಪಾಯಿ. 1,500 ರೂಪಾಯಿ ಅಂದ್ರ ಬಿಸಿಲ ದಿನದಾಗ ಒಲಿ ಮುಂದ ಕೂತು ಬಡಿದ 750 ರೊಟ್ಟಿ. ನಗು ಅಲ್ಲೇ ನಿಂತುಹೋಯ್ತು.

3/9

ತಪ್ಪು ಎಲ್ಲಿ ಆಯ್ತು ಅಂತ ನೋಡಲಿಕ್ಕೆ ಖಾತೆಯೊಳಗ "ಸರ್ಚ್ ಟರ್ಮ್ಸ್" ಅನ್ನೋ ರಿಪೋರ್ಟ್ ತೆಗೆದೆ. ಇಲ್ಲಿ ಎರಡು ಪದದ ಫರಕ್ ತಲೆಯಾಗ ಇಟ್ಕೋರಿ, ಪರೀಕ್ಷೆಗೂ ಬೇಕು, ಬದುಕಿಗೂ ಬೇಕು. ಕೀವರ್ಡ್ ಅಂದ್ರ ನಾವು ಕೊಂಡದ್ದು. ಸರ್ಚ್ ಟರ್ಮ್ ಅಂದ್ರ ಮಂದಿ ನಿಜವಾಗಿ ಟೈಪ್ ಮಾಡಿದ್ದು. ಎರಡರ ನಡುವಿನ ಕಂದಕದೊಳಗೇ ರೊಕ್ಕ ಬೀಳೋದು.

ನನ್ನ ರಿಪೋರ್ಟ್‌ನಾಗ ಇದ್ದದ್ದು: ಜೋಳದ ರೊಟ್ಟಿ ಮಾಡುವ ವಿಧಾನ. ರೊಟ್ಟಿಯಲ್ಲಿ ಎಷ್ಟು ಕ್ಯಾಲೊರಿ. ಇವತ್ತಿನ ಜೋಳದ ದರ. ಕಲಬುರಗಿ ಹವಾಮಾನ. ಮುಸುಕಿನ ಜೋಳ ಬೇಯಿಸುವುದು. ಹೌದು, ಮೆಕ್ಕಿಜೋಳ! ನಮ್ಮ ಕಡೆ ಬರೇ ಜೋಳ ಅಂದ್ರ ಬಿಳಿಜೋಳ. ಬೆಂಗಳೂರು, ಮೈಸೂರು ಕಡೆ ಎಷ್ಟೋ ಮಂದಿಗೆ ಜೋಳ ಅಂದ್ರ ಬೀದಿಯಾಗ ಸುಟ್ಟು ಕೊಡೋ ತೆನಿ.

ಇವರಾಗ ಒಬ್ಬರೂ ಕೆಟ್ಟವರಲ್ಲ, ಒಬ್ಬರೂ ನನಗ ಮೋಸ ಮಾಡಿಲ್ಲ. ಅವರ ಪ್ರಶ್ನೆ ಬ್ಯಾರೆ ಇತ್ತು. ಉತ್ತರ ಇಲ್ಲದ ನಾನು ಮಧ್ಯ ಹೋಗಿ ನಿಂತೆ, ಅವರು ಒತ್ತಿದರು, ನನ್ನ ರೊಕ್ಕ ಹೋಯ್ತು. ಈ ಜಾಹೀರಾತಿನ ನಿಯಮಾನೇ ಅದು: ತೋರಿಸಿದ್ದಕ್ಕಲ್ಲ, ಒತ್ತಿದ್ದಕ್ಕ ರೊಕ್ಕ.

ಇನ್ನೊಂದು ಸಂಗತಿ ನನಗ ಗೊತ್ತೇ ಇರಲಿಲ್ಲ. ಕೀವರ್ಡ್ ಹಾಗೇ ಬರೆದ್ರ ಅದು "ಬ್ರಾಡ್" ಆಗ್ತದ. ಗೂಗಲ್‌ಗೆ ಸಂಬಂಧ ಅನ್ನಿಸಿದ ಎಲ್ಲಾದಕ್ಕೂ ತೋರಸ್ತದ. ಉದ್ಧರಣ ಚಿಹ್ನೆ ಒಳಗ ಇಟ್ರ "ಫ್ರೇಸ್". ಆ ಅರ್ಥ ಇರೋ ಹುಡುಕಾಟಕ್ಕ ಮಾತ್ರ. ಚೌಕ ಕಂಸದಾಗ ಇಟ್ರ "ಎಕ್ಸಾಕ್ಟ್". ಅದೇ ಅರ್ಥ, ಹೆಚ್ಚು ಕಡಿಮೆ ಅದೇ ಮಾತು. ಸಣ್ಣ ಡಬ್ಬಿಯವರು ಕೊನೇದರಿಂದ ಶುರು ಮಾಡ್ಬೇಕು. ನಾನು ಮೊದಲನೇದರಿಂದ ಮಾಡಿದ್ದೆ.

4/9

ಎರಡನೇ ಸಲ ಟೂಲ್ ಮುಟ್ಟಲೇ ಇಲ್ಲ. ಮೊದಲು ಒಂದು ಪ್ರಶ್ನೆ ಕೇಳಿಕೊಂಡೆ: ರೊಟ್ಟಿ ಆನ್‌ಲೈನ್‌ನಾಗ ಕೊಳ್ಳೋರು ಯಾರು?

ಆಳಂದ, ಅಫಜಲಪುರ, ಜೇವರ್ಗಿಯವರು ಕೊಳ್ಳಲ್ಲ. ಮನಿಯಾಗೇ ಒಲಿ ಅದ, ಬಡಿಯೋ ಕೈ ಅದ. ಕೊಳ್ಳೋರು ಅಂದ್ರ ಊರು ಬಿಟ್ಟು ಹೋದವರು. ಬೆಂಗಳೂರಿನ ಪಿಜಿಯೊಳಗ ಮೂರು ಹೊತ್ತೂ ಅನ್ನ ತಿಂದು ಬ್ಯಾಸರಾದ ನಮ್ಮ ಸೀನಿಯರ್‌ಗಳು. ಪುಣೆಯಾಗ ಕಟ್ಟಡ ಕೆಲಸಕ್ಕ ಹೋದವರು. ಹೈದರಾಬಾದ್‌ನಾಗ ನೌಕರಿ ಮಾಡೋರು.

ಹಂಗಾಗಿ ಹದಿನೈದು ಮಂದಿಗೆ ಫೋನ್, ಮೆಸೇಜ್ ಮಾಡಿದೆ. ಕೇಳಿದ್ದು ಒಂದೇ: "ರೊಟ್ಟಿ ನೆನಪಾದ್ರ ಫೋನಿನಾಗ ಏನಂತ ಟೈಪ್ ಮಾಡ್ತೀರಿ? ವಿಚಾರ ಮಾಡಬ್ಯಾಡ್ರಿ, ಈಗಲೇ ಟೈಪ್ ಮಾಡಿ ಸ್ಕ್ರೀನ್‌ಶಾಟ್ ಕಳಸ್ರಿ."

ಬಂದ ಉತ್ತರ ನೋಡಿ ತಲಿ ತಿರುಗ್ತು. ಕನ್ನಡ ಅಕ್ಷರದಾಗ ಬರೆದವರು ಇಬ್ಬರೇ. ಉಳಿದವರೆಲ್ಲ ಇಂಗ್ಲಿಷ್ ಅಕ್ಷರದಾಗ ಕನ್ನಡ. ರೊಟ್ಟಿಗೆ ಒಬ್ಬರು ಎರಡು ಟಿ, ಒಬ್ಬರು ಒಂದು ಟಿ. ಜೋಳಕ್ಕ ಒಬ್ಬರು ಒಂದು ಓ, ಒಬ್ಬರು ಎರಡು ಓ. ಒಬ್ಬ "ಜವಾರ್ ರೋಟಿ ಹೋಮ್ ಡೆಲಿವರಿ" ಅಂದ. ಪುಣೆಯವ "ಕಡಕ್ ಭಾಕರಿ" ಅಂದ, ಅಲ್ಲಿ ಸೊಲ್ಲಾಪುರದ ಕಡಕ್ ಭಾಕರಿಗೆ ದೊಡ್ಡ ಹೆಸರದ. ಒಬ್ಬಕಿ "ನಾರ್ತ್ ಕರ್ನಾಟಕ ಖಾನಾವಳಿ ನಿಯರ್ ಮಿ" ಅಂತ ಹಾಕಿದ್ದಳು. ಅಕಿಗೆ ರೊಟ್ಟಿ ಪಾರ್ಸೆಲ್ ಬೇಡ, ಈಗಲೇ ಕೂತು ಉಣ್ಣಬೇಕು. ಅದು ನಮಗ ಉತ್ತರ ಕೊಡಲಿಕ್ಕೆ ಆಗದ ಪ್ರಶ್ನೆ. ಪಟ್ಟಿಯಿಂದ ತೆಗೆದೆ.

ನಾನು ಹಾಕಿದ್ದ "ಕಲಬುರಗಿ" ಒಬ್ಬರ ಸ್ಕ್ರೀನ್‌ಶಾಟ್‌ನಾಗೂ ಒಂಟಿಯಾಗಿ ಬರಲಿಲ್ಲ.

ಇದು ನನ್ನ ಮೊದಲ ಸಲಹೆ: ಟೂಲ್‌ಗಿಂತ ಮೊದಲು ಬಾಯಿ. ಹತ್ತು ಮಂದಿ ಗಿರಾಕಿ ಹತ್ರ ಕೇಳ್ರಿ. ಅವರ ಮಾತು ತಿದ್ದಬ್ಯಾಡ್ರಿ. ತಪ್ಪು ಕಾಗುಣಿತಾನೂ ಮಾಹಿತಿನೇ.

5/9

ಹೆಸರಿನ ವಿಷಯಕ್ಕ ಬಂದೆವಲ್ಲ, ನಮ್ಮ ಜಿಲ್ಲೆಯಷ್ಟು ಚಂದದ ಉದಾಹರಣೆ ಪುಸ್ತಕದಾಗ ಸಿಗಲ್ಲ.

2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯ್ತು. ನಮ್ಮ ವಯಸ್ಸಿನವರು ಶಾಲಿಯಾಗಿದ್ದಾಗಿನ ಮಾತು. ರೈಲ್ವೆ ಸ್ಟೇಷನ್ ಹೆಸರು ಬದಲಾಯ್ತು, 2019ರಾಗ ಶುರುವಾದ ವಿಮಾನ ನಿಲ್ದಾಣಕ್ಕೂ ಕಲಬುರಗಿ ಅಂತಲೇ ಹೆಸರು. ಆದ್ರ ವಿಶ್ವವಿದ್ಯಾಲಯ ಇವತ್ತಿಗೂ ಗುಲಬರ್ಗಾ ವಿಶ್ವವಿದ್ಯಾಲಯ. ಇನ್ನ ಮಜಾ ಕೇಳ್ರಿ: ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕ, ಅಂದ್ರ ಜಿಐ ಟ್ಯಾಗ್ ಸಿಕ್ಕಿದ್ದು 2019ರಾಗ. ಊರಿನ ಹೆಸರು ಬದಲಾಗಿ ಸುಮಾರು ಐದು ವರ್ಷ ಆಗಿತ್ತು. ನೋಂದಣಿ ಆದ ಹೆಸರು ಮಾತ್ರ "ಗುಲ್ಬರ್ಗಾ ತೂರ್ ದಾಲ್".

ಹಂಗಾದ್ರ ತೊಗರಿ ಬೇಳೆ ಮಾರೋನು ಯಾವ ಹೆಸರಿಗೆ ರೊಕ್ಕ ಹಾಕ್ಬೇಕು? ಮುಂಬೈಯಾಗಿನ ಹಳೇ ಗಿರಾಕಿ ಗುಲ್ಬರ್ಗಾ ಅಂತಾನ. ನಮ್ಮ ಕ್ಲಾಸ್‌ಮೇಟ್ ಕಲಬುರಗಿ ಅಂತಾನ. ಬೇಳಿಗೂ ಒಂದೇ ಹೆಸರಿಲ್ಲ: ಹಿಂದಿಯಾಗ ಅರ್ಹರ್, ಮರಾಠಿಯಾಗ ತೂರ್, ತೆಲುಗಿನಾಗ ಕಂದಿಪಪ್ಪು, ತಮಿಳಿನಾಗ ತುವರಂ ಪರುಪ್ಪು, ಕೃಷಿ ಪುಸ್ತಕದಾಗ ರೆಡ್ ಗ್ರಾಂ.

ನಮ್ಮ ಅಭಿಮಾನ ಕಲಬುರಗಿ ಅನ್ನೋದರಾಗ ಅದ, ಇರಬೇಕು ಕೂಡ. ಪ್ಯಾಕೆಟ್ ಮ್ಯಾಲ, ಜಾಹೀರಾತಿನ ಮಾತಿನಾಗ ಕಲಬುರಗಿ ಅಂತಲೇ ಬರೀರಿ. ಆದ್ರ ಕೀವರ್ಡ್ ನಮ್ಮ ಅಭಿಮಾನದ ಜಾಗ ಅಲ್ಲ, ಕೇಳೋರ ನೆನಪಿನ ಜಾಗ. "ಗುಲ್ಬರ್ಗಾ" ಅಂತ ಕರೆದವರಿಗೆ "ನಾವು ಕಲಬುರಗಿಯವರು, ಬರ್ರಿ" ಅಂತ ಓಗೊಟ್ರ ಏನೂ ಕಡಿಮಿ ಆಗಲ್ಲ. ಹಳೇ ಹೆಸರಿನಿಂದ ಕರೆದ ಮುದುಕರಿಗೆ ನಾವು ಹಂಗೇ ಓಗೊಡ್ತೀವಿಲ್ಲೋ?

ಇಲ್ಲೇ "ತೊಗರಿ" ಅಂತ ಒಂಟಿ ಪದಕ್ಕ ರೊಕ್ಕ ಹಾಕೋರಿಗೆ ಒಂದು ಮಾತು. ತೊಗರಿ ಕಣಜ ಅಂತ ಹೆಸರಾದ ಜಿಲ್ಲೆ ನಮ್ದು. ಇಲ್ಲಿ ರಾಶಿ ಟೈಮ್‌ನಾಗ ತೊಗರಿ ಅಂತ ಹುಡುಕೋನು ರೈತ. ಅವನಿಗೆ ಬೇಕಾದದ್ದು ಇವತ್ತಿನ ದರ. ನಿಮ್ಮಪ್ಪ, ನಮ್ಮಪ್ಪ. ಅವರ ಆತುರದ ನಡುವ ನಮ್ಮ ಒಂದು ಕಿಲೋ ಪ್ಯಾಕೆಟ್ ಜಾಹೀರಾತು ತೂರಿಸಿ, ಅವರು ತಪ್ಪಿ ಒತ್ತಿದ್ರ ಇಬ್ಬರಿಗೂ ಲುಕ್ಸಾನು. ಇದಕ್ಕಂತಲೇ "ನೆಗೆಟಿವ್ ಕೀವರ್ಡ್" ಅಂತ ಅದ: ದರ, ರೇಟ್, ಮಂಡಿ, ಬೀಜ, ರೋಗ, ವಿಧಾನ, ರೆಸಿಪಿ. ಈ ಪದ ಇದ್ರ ನನ್ನ ಆ್ಯಡ್ ತೋರಿಸಬ್ಯಾಡ ಅಂತ ಹೇಳೋ ಪಟ್ಟಿ. ಕನ್ನಡದಾಗ, ಹಿಂದಿಯಾಗ, ಇಂಗ್ಲಿಷ್ ಅಕ್ಷರದಾಗ, ಮೂರೂ ಕಡೆ ಬರೀಬೇಕು.

ನಾನೀಗ ಕೊಳ್ಳೋ ಪಟ್ಟಿಗಿಂತ ಬ್ಯಾಡಾದ ಪಟ್ಟಿ ಉದ್ದ ಇಡ್ತೀನಿ.

6/9

ಈಗ ಟೂಲ್‌ಗೆ ಬರೋಣು. ಟೂಲ್ ಬ್ಯಾಡ ಅಂತ ನಾ ಹೇಳ್ಲತ್ತಿಲ್ಲ.

ಗೂಗಲ್ 2000ನೇ ಇಸವಿಯಾಗ ಆ್ಯಡ್‌ವರ್ಡ್ಸ್ ಅಂತ ಶುರು ಮಾಡಿದ್ದು 2018ರಾಗ ಗೂಗಲ್ ಆ್ಯಡ್ಸ್ ಆಯ್ತು. ಅದರೊಳಗ ಕೀವರ್ಡ್ ಪ್ಲ್ಯಾನರ್ ಅದ, ಪ್ರತ್ಯೇಕ ಫೀಸ್ ಇಲ್ಲ. ಒಂದು ಪದ ಕೊಟ್ರ ಸಂಬಂಧದ ಪದ ತೋರಸ್ತದ, ತಿಂಗಳಿಗೆ ಸುಮಾರು ಎಷ್ಟು ಹುಡುಕಾಟ, ಒಂದು ಕ್ಲಿಕ್ಕಿಗೆ ಎಷ್ಟು ಬೀಳಬಹುದು ಅಂತನೂ ಹೇಳ್ತದ. ಆದ್ರ ನಮ್ಮಂಥ ಸಣ್ಣ ಖರ್ಚಿನವರಿಗೆ ಸರಿಯಾದ ಅಂಕಿ ಕೊಡಲ್ಲ. "10ರಿಂದ 100", "100ರಿಂದ 1,000" ಅಂತ ಅಂದಾಜು ಹೇಳ್ತದ. 10 ಎಲ್ಲಿ, 100 ಎಲ್ಲಿ! ಆ ಅಂದಾಜು ನೋಡಿ ಲಾಭದ ಕನಸು ಕಾಣಬ್ಯಾಡ್ರಿ.

ಇನ್ನೊಂದು ಬಲಿ. "ಖಡಕ್ ರೊಟ್ಟಿ", "ಶೇಂಗಾ ಹಿಂಡಿ" ಅಂತ ಕನ್ನಡದಾಗ ಹಾಕಿದಾಗ ನನಗ ಅಂಕಿಯೇ ಬರಲಿಲ್ಲ, ಬರೇ ಗೆರಿ. ನೂರು ಮಂದಿ ಹತ್ತು ಥರ ಕಾಗುಣಿತದಾಗ ಬರೆದ್ರ ಒಂದೊಂದು ಥರಕ್ಕ ಹತ್ತೇ ಮಂದಿ, ಯಾವುದೂ ಲೆಕ್ಕಕ್ಕ ಸಿಗಲ್ಲ. ಟೂಲ್‌ನ ಸೊನ್ನೆ ಅಂದ್ರ ಮಂದಿ ಸೊನ್ನೆ ಅಂತ ಅಲ್ಲ.

ಮತ್ತ ಇಲ್ಲಿ ನಮ್ಮದೂ ತಪ್ಪದ. ಕನ್ನಡದಾಗ ಹುಡುಕೋದು ನಾವೇ ಬಿಟ್ಟೀವಿ. ಹುಡುಕದ ಪದಕ್ಕ ಲೆಕ್ಕ ಇಲ್ಲ, ಲೆಕ್ಕ ಇಲ್ಲದ ಪದಕ್ಕ ಯಾರೂ ಪುಟ ಬರಿಯಲ್ಲ, ಪುಟ ಇಲ್ಲದ್ದಕ್ಕ ಹುಡುಕಿದ್ರೂ ಏನೂ ಸಿಗಲ್ಲ. ಬಾವಿ ಸುತ್ತ ಸುತ್ತಿದಂಗ. ಮೈಕ್ ಒತ್ತಿ ಕನ್ನಡದಾಗ ಮಾತಾಡಿ ಹುಡುಕ್ರಿ, ಕಷ್ಟ ಏನಿಲ್ಲ.

ಲೆಕ್ಕ ಮಾಡೋ ರೀತಿ ಒಂದು ಹೇಳ್ತೀನಿ, ಸೇವ್ ಮಾಡ್ಕೊಳ್ರಿ. 20 ರೊಟ್ಟಿ ಪ್ಯಾಕೆಟ್, ಉಳಿಕಿ 40 ರೂಪಾಯಿ. ಒತ್ತಿದ 20 ಮಂದಿಯೊಳಗ ಒಬ್ಬರು ಕೊಳ್ತಾರ ಅಂತ ಹಿಡೀರಿ. 40ನ್ನ 20ರಿಂದ ಭಾಗಿಸಿದ್ರ 2. ಕ್ಲಿಕ್ಕಿಗೆ 2 ರೂಪಾಯಿ ಆಯ್ತಂದ್ರ ಚಿಕ್ಕಮ್ಮ ಪುಕ್ಕಟ್ಟೆ ದುಡಿದಂಗ. 3 ಆದ್ರ ಮನಿಯಿಂದ ಕೊಟ್ಟಂಗ. ಕೀವರ್ಡ್ ಎಷ್ಟೇ ಚಂದ ಇರಲಿ, ಈ ಲೆಕ್ಕಕ್ಕ ಬರಲಿಲ್ಲ ಅಂದ್ರ ಬಿಡ್ರಿ.

7/9

ಇದು ನನಗ ಭಾಳ ಮುಖ್ಯ ಅನ್ನಿಸಿದ ಪೋಸ್ಟ್. ಬರೇ ಸ್ಕ್ರಾಲ್ ಮಾಡಬ್ಯಾಡ್ರಿ.

ಪ್ಲ್ಯಾನರ್ ನನಗ ತೋರಿಸಿದ ಪದದಾಗ ಒಂದು ಹೊಳೆಯುತ್ತಿತ್ತು: "ಗ್ಲುಟನ್ ಫ್ರೀ ರೋಟಿ". 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮ್ಯಾಲ ಜೋಳದ ಮಾತು ಪ್ಯಾಟಿಯವರ ಬಾಯಾಗೂ ಬಂದದ. ಜೋಳದಾಗ ಗ್ಲುಟನ್ ಇಲ್ಲ, ಇದು ನಿಜ. ಈ ಪದ ಹುಡುಕೋರು ರೊಕ್ಕ ಇದ್ದವರು, ರೊಟ್ಟಿಗೆ ಡಬಲ್ ರೇಟ್ ಕೊಟ್ಟಾರು. ನಾನು ಖುಷಿಯಿಂದ ಚಿಕ್ಕಮ್ಮಗ ಹೇಳಿದೆ.

ಅಕಿ ಕೇಳಿದಳು, "ಅಂದ್ರ ಏನೋ ಅದು?"

"ಗೋಧಿಯೊಳಗ ಇರೋ ಒಂದು ಅಂಶ. ಕೆಲವರಿಗೆ ಅದು ಆಗಿಬರಲ್ಲ. ಸೀಲಿಯಾಕ್ ಅಂತ ಕಾಯಿಲೆ. ಸ್ವಲ್ಪ ಹೊಟ್ಟಿಗೆ ಹೋದ್ರೂ ಕರುಳಿಗೆ ಪೆಟ್ಟು."

ಅಕಿ ಒಂದು ಗಳಿಗಿ ಸುಮ್ಮನಿದ್ದು ಅಂದಳು: "ನಮ್ಮ ಜೋಳ ಬೀಸೋ ಗಿರಣ್ಯಾಗೇ ಎಲ್ಲಾರ ಗೋಧಿನೂ ಬೀಸ್ತಾರಲ್ಲೋ."

ನನ್ನ ಬಾಯಿ ಮುಚ್ಚಿತು. ಕಾಲೇಜಿನ ಪೇಪರ್‌ನಾಗ ಇದು ಇರಲಿಲ್ಲ. ಪ್ಲ್ಯಾನರ್‌ನಾಗ ಹುಡುಕಾಟ ಎಷ್ಟು, ಕ್ಲಿಕ್ಕಿಗೆ ಎಷ್ಟು, ಪೈಪೋಟಿ ಎಷ್ಟು ಅಂತ ಕಾಲಂ ಇರ್ತದ. "ಈ ಪ್ರಶ್ನೆಗೆ ನೀನು ಸುಳ್ಳು ಹೇಳ್ಲತ್ತಿಯೇನು" ಅನ್ನೋ ಕಾಲಂ ಇರಲ್ಲ. ಅದನ್ನ ನಾವೇ ಸೇರಿಸಬೇಕು.

ಶುಗರ್ ಇದ್ದವರ ಹುಡುಕಾಟದ್ದೂ ಇದೇ ಕಥಿ. ಜೋಳದ ರೊಟ್ಟಿ ಒಳ್ಳೇ ಊಟ. ಔಷಧ ಅಲ್ಲ. "ಶುಗರ್ ಕಂಟ್ರೋಲ್" ಅಂತ ರಾತ್ರಿ ಎರಡು ಗಂಟೆಗೆ ಹೆದರಿ ಟೈಪ್ ಮಾಡೋರ ಪ್ರಶ್ನೆಗೆ ಡಾಕ್ಟರ್ ಉತ್ತರ ಕೊಡ್ಬೇಕು, ನಮ್ಮ ಪ್ಯಾಕೆಟ್ ಅಲ್ಲ.

ಹೆಚ್ಚು ಲಾಭದ ಕೀವರ್ಡ್ ಹೆಚ್ಚಾಗಿ ಹೆಚ್ಚು ಹೆದರಿದವರ ಕೀವರ್ಡ್ ಆಗಿರ್ತದ. ಸಾಲ, ಕಾಯಿಲೆ, ನೌಕರಿ. ನೀವು ನಾಳೆ ಯಾವುದಾದ್ರೂ ಏಜೆನ್ಸಿಯಾಗ ಕೆಲಸಕ್ಕ ಸೇರಿದಾಗ ಇದು ನೆನಪಿರಲಿ.

8/9

ಇನ್ನೊಂದು ಆಸೆ ಹುಟ್ತದ: ಬ್ಯಾರೆಯವರ ಹೆಸರು.

ನಮ್ಮ ಜಿಲ್ಲೆಯ ಹೆಣ್ಮಕ್ಕಳು ಸೇರಿ ಮಾಡೋ "ಕಲಬುರಗಿ ರೊಟ್ಟಿ" ನಿಮಗೆಲ್ಲಾ ಗೊತ್ತು. 2025ರ ಜೂನ್ 29ರ ಮನ್ ಕಿ ಬಾತ್‌ನಾಗ ಪ್ರಧಾನಿ ಅದರ ಮಾತು ಆಡಿದರು: ದಿನಕ್ಕ 3,000ಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಾಗ ಕೌಂಟರ್, ಆನ್‌ಲೈನ್ ಆರ್ಡರ್. ಅಂಥಾ ದಿನ ಆ ಹೆಸರು ಹುಡುಕೋರು ಹೆಚ್ಚಾಗೋದು ಸಹಜ. "ನಾವೂ ಕಲಬುರಗಿಯವರೇ, ನಮ್ದೂ ರೊಟ್ಟಿನೇ, ಆ ಹೆಸರಿಗೇ ಆ್ಯಡ್ ಹಾಕ್ರಿ" ಅಂತ ಒಬ್ಬ ಗೆಳೆಯ ನನಗ ಹೇಳಿದ.

ಕಾನೂನು ಏನಂತದ? ಬ್ಯಾರೆ ಕಂಪನಿಯ ಟ್ರೇಡ್‌ಮಾರ್ಕ್ ಕೀವರ್ಡ್ ಮಾಡೋದರ ಬಗ್ಗೆ ದೆಹಲಿ ಹೈಕೋರ್ಟ್ 2023ರ ಆಗಸ್ಟ್‌ನಾಗ ಗೂಗಲ್ ಮತ್ತ ಡಿಆರ್‌ಎಸ್ ಲಾಜಿಸ್ಟಿಕ್ಸ್ ಪ್ರಕರಣದಾಗ ತೀರ್ಪು ಕೊಟ್ಟದ. ಸಾರ ಇಷ್ಟು: ಕೀವರ್ಡ್ ಮಾಡಿದ್ದಷ್ಟಕ್ಕೇ ಅದು ಉಲ್ಲಂಘನೆ ಅಲ್ಲ, ಆದ್ರ ಗಿರಾಕಿಗೆ ಗೊಂದಲ ಆಗೋಹಂಗ ಇದ್ರ ತಪ್ಪು. ಅದೇ ವರ್ಷ ಡಿಸೆಂಬರ್‌ನಾಗ ಮೇಕ್‌ಮೈಟ್ರಿಪ್ ಪ್ರಕರಣದಾಗೂ ಗೊಂದಲ ಅದನೋ ಇಲ್ಲೋ ಅನ್ನೋದೇ ಮುಖ್ಯ ಆಯ್ತು. ಜಿಐ ಹೆಸರಿನ ನಿಯಮ ಬ್ಯಾರೆ: ಅಧಿಕೃತ ಬಳಕೆದಾರ ಅಂತ ನೋಂದಣಿ ಆದವರು ಮಾತ್ರ ಆ ಹೆಸರು, ಗುರುತು ಹಾಕಿ ಮಾರಬಹುದು. ಬ್ಯಾರೆ ಕಡೆಯ ಬೇಳಿ ತಂದು ಗುಲ್ಬರ್ಗಾ ತೂರ್ ದಾಲ್ ಅಂತ ಮಾರಿದ್ರ ಅದು ಮೋಸ.

ಕಾನೂನು ಬಿಟ್ಟು ನನ್ನ ಮಾತು ಹೇಳ್ತೀನಿ. ಆ ಹೆಸರು ಟೈಪ್ ಮಾಡಿದವರು ಅವರನ್ನ ಕೇಳ್ಲತ್ತಾರ. ಅವರ ಬಾಗಿಲಿಗೆ ಹೋಗೋರನ್ನ ದಾರ್ಯಾಗ ಹಿಡಿದು ನಿಲ್ಲಿಸಿ ಡಬ್ಬಿ ತುಂಬಿಕೊಳ್ಳೋದು ಚಿಕ್ಕಮ್ಮಗ ಬ್ಯಾಡಾಗಿತ್ತು. ಆ ಕಡೆನೂ ಒಲಿ ಮುಂದ ಕೂತದ್ದು ನಮ್ಮಂಥ ಹೆಣ್ಮಕ್ಕಳೇ. ಬಡಿಯೋ ಕೈಗೆ ಬಡಿಯೋ ಕೈ ಪೈಪೋಟಿ ಇರಲಿ, ಆದ್ರ ಹೆಸರು ತಮ್ಮತಮ್ಮದಿರಲಿ.

9/9

"ಇಷ್ಟೆಲ್ಲಾ ಯಾಕ? ಈಗ ಎಐ ತಾನೇ ಎಲ್ಲಾ ಹುಡುಕ್ತದ" ಅಂತ ನೀವು ಅನ್ನಬಹುದು. ಖರೇನೇ ಅದ ಸ್ವಲ್ಪ. 2021ರಿಂದ ಪರ್ಫಾರ್ಮೆನ್ಸ್ ಮ್ಯಾಕ್ಸ್ ಅಂತ ಬಂದದ, ಕೀವರ್ಡ್ ಪಟ್ಟಿ ಕೊಡದೇ ಆ್ಯಡ್ ಓಡಿಸಬಹುದು. ದೊಡ್ಡ ಡಬ್ಬಿ ಇದ್ದವರು ಓಡಸಲಿ, ಕಲಿಯೋವರೆಗೂ ಕಳಕೊಳ್ಳಲಿಕ್ಕೆ ಅವರ ಹತ್ರ ರೊಕ್ಕ ಅದ. ನಮ್ಮ ಹತ್ರ ಇಲ್ಲ. ಮತ್ತ ಗಿರಣ್ಯಾಗ ಗೋಧಿನೂ ಬೀಸ್ತಾರ ಅನ್ನೋದು ಯಾವ ಮಷೀನಿಗೂ ಗೊತ್ತಿಲ್ಲ, ಚಿಕ್ಕಮ್ಮಗ ಗೊತ್ತು.

ಎರಡನೇ ಸಲ ಏನಾಯ್ತು? ಈ ಸಲ ನನ್ನ ರೊಕ್ಕ, 400 ರೂಪಾಯಿ. ಒಂಬತ್ತು ಕೀವರ್ಡ್, ಎಲ್ಲಾ ಎಕ್ಸಾಕ್ಟ್ ಇಲ್ಲಾ ಫ್ರೇಸ್. ಎಲ್ಲಾದರಾಗೂ "ಆರ್ಡರ್", "ಪಾರ್ಸೆಲ್", "ಆನ್‌ಲೈನ್" ಅಂತ ಒಂದು ಕೊಳ್ಳೋ ಮಾತು. ಜಾಗ ಬೆಂಗಳೂರು, ಪುಣೆ ಮಾತ್ರ. ಅದೂ "ಅಲ್ಲಿ ಇರೋರು" ಅಂತ ಆರಿಸಿ. ತಾನಾಗೇ ಬರೋ ಆಯ್ಕೆಯೊಳಗ ಆ ಊರಿನ ಬಗ್ಗೆ ಆಸಕ್ತಿ ಇದ್ದವರೂ ಸೇರ್ತಾರ, ಅದನ್ನ ಬದಲಾಯಿಸ್ರಿ. ಬ್ಯಾಡಾದ ಪದ ಅರವತ್ತರ ಮ್ಯಾಲ.

ಬಂದದ್ದು ಐದು ಆರ್ಡರ್. ನಾಲ್ಕು 20 ರೊಟ್ಟಿದು, ಒಂದು 100 ರೊಟ್ಟಿದು, ಯಾರದೋ ಮನಿ ಕಾರ್ಯಕ್ಕ. 180 ರೊಟ್ಟಿ, ಉಳಿಕಿ 360. ಅಂದ್ರ 40 ರೂಪಾಯಿ ಲುಕ್ಸಾನು! ಗೆದ್ದೆ ಅಂತ ಹೇಳಲಿಕ್ಕೆ ಬರಲ್ಲ. ಆದ್ರ ಐದರಾಗ ಇಬ್ಬರು ಮುಂದಿನ ತಿಂಗಳು ಆ್ಯಡ್ ಇಲ್ಲದೇ ನೇರ ಫೋನ್ ಮಾಡಿದರು. ಆ 40 ರೂಪಾಯಿ ಅಲ್ಲಿ ಬಂತು. ಮೊದಲಿನ 1,500 ಇನ್ನೂ ಬಾಕಿ ಅದ. ತಿಂಗಳಿಗೆ ನೂರರಂಗ ಡಬ್ಬಿಗೆ ಹಾಕ್ಲತ್ತೀನಿ.

ಹಂಗಾಗಿ ಕೀವರ್ಡ್ ಹುಡುಕೋ ಮೊದಲು ಮೂರು ಮಾತು ಕೇಳ್ಕೋರಿ. ಈ ಪದ ಯಾರು, ಎಲ್ಲಿ ಕೂತು ಟೈಪ್ ಮಾಡ್ತಾರ? ಅವರಿಗೆ ಏನು ಬೇಕಾಗೇದ? ಅದು ನಮ್ಮ ಹತ್ರ ಖರೇನೇ ಅದನೋ? ಮೂರಕ್ಕೂ ಉತ್ತರ ಬಂದ್ರ ಟೂಲ್ ತೆರೀರಿ. ಇಲ್ಲಂದ್ರ ರೊಕ್ಕ ಡಬ್ಬಿಯಾಗೇ ಇರಲಿ, ಯಾಕಂದ್ರ ಅದು ನಿಮ್ಮದಲ್ಲ, ಯಾರೋ ಬಡಿದ ರೊಟ್ಟಿದು.

ಈಗ ನಿಮ್ಮ ಸರದಿ. ಊರು ಬಿಟ್ಟು ಹೋದಾಗ ಊರಿನ ಯಾವ ತಿನಿಸು ನೆನಪಾಗ್ತದ, ಅದನ್ನ ಫೋನಿನಾಗ ಏನಂತ ಟೈಪ್ ಮಾಡ್ತೀರಿ? ನೀವು ಬರೆಯೋ ಕಾಗುಣಿತದಾಗೇ ಕಾಮೆಂಟ್ ಮಾಡ್ರಿ. ತಿದ್ದಬ್ಯಾಡ್ರಿ. ಯಾರೋ ಒಬ್ಬ ಅವ್ವ ಆ ಪದಕ್ಕೇ ಕಾಯ್ಲತ್ತಿರಬಹುದು.

#ಮಟಕಿ #ಆಳಂದ #ಕಲಬುರಗಿ #ಜೋಳದರೊಟ್ಟಿ #ಕೀವರ್ಡ್ #ಕನ್ನಡದಾಗಹುಡುಕ್ರಿ